ಗಿಡ ತರುವ ಮುಂಚೆ ಗೊಬ್ಬರದ ಬಕೆಟ್ ಇಡಿ: ತಾರಸಿ ತೋಟ ಶುರು ಮಾಡುವವರಿಗೆ

ಬೆಂಗಳೂರಿನಲ್ಲಿ ತಾರಸಿ ತೋಟ ಮಾಡಬೇಕು ಅನ್ನಿಸಿದವರು ಸಾಮಾನ್ಯವಾಗಿ ಮೊದಲು ಹೋಗುವುದು ನರ್ಸರಿಗೆ. ಭಾನುವಾರ ಸಿದ್ಧಾಪುರದ ಕಡೆಗೋ ಲಾಲ್‌ಬಾಗಿಗೋ ಹೋಗುತ್ತಾರೆ. ಹತ್ತು ಗಿಡ, ಹತ್ತು ಕುಂಡ, ಒಂದೆರಡು ಮೂಟೆ ಕೆಮ್ಮಣ್ಣು ಆಟೋದಲ್ಲಿ ಹಾಕಿಸಿಕೊಂಡು ಬರುತ್ತಾರೆ. ಎರಡು ತಿಂಗಳಿಗೆ ಮಣ್ಣು ಕಲ್ಲಾಗಿರುತ್ತದೆ, ಗಿಡ ಸೊರಗಿರುತ್ತದೆ. "ನಮ್ಮ ಕೈಗೆ ಗಿಡ ಬರಲ್ಲ" ಅಂತ ಕುಂಡಗಳನ್ನೆಲ್ಲ ನೀರಿನ ಟ್ಯಾಂಕಿನ ಹಿಂದೆ ಸೇರಿಸಿಬಿಡುತ್ತಾರೆ. ಪಾಪ, ಅವರ ಕೈಯಲ್ಲಿ ಏನೂ ದೋಷವಿಲ್ಲ. ಮಣ್ಣಿಗೆ ಊಟ ಸಿಕ್ಕಿಲ್ಲ, ಅಷ್ಟೆ.

ಹಾಗಾಗಿ ನನ್ನ ಸಲಹೆ ಒಂದೇ. ಗಿಡ ತರುವ ಎರಡು ತಿಂಗಳು ಮುಂಚೆ ಅಡುಗೆಮನೆಯ ಹಸಿ ಕಸಕ್ಕೆ ಒಂದು ಬಕೆಟ್ ಇಡಿ. ಗೊಬ್ಬರ ತಯಾರಾಗಲು ಹೇಗೂ ಅಷ್ಟು ಸಮಯ ಬೇಕು. ಅಷ್ಟರಲ್ಲಿ ದಿನಾ ಎರಡು ನಿಮಿಷ ಅದರ ಹತ್ತಿರ ಹೋಗುವ ಅಭ್ಯಾಸ ನಿಮಗೆ ಬಂದಿರುತ್ತದೆ. ಈ ಅಭ್ಯಾಸ ಇಲ್ಲದೆ ಗಿಡ ಉಳಿಯುವುದಿಲ್ಲ.

ಇನ್ನೊಂದು ಕಾರಣವೂ ಇದೆ, ಅದು ನನಗೆ ಎಲ್ಲಕ್ಕಿಂತ ಮುಖ್ಯ. ತಾರಸಿಯ ಮೇಲೆ ನಾಲ್ಕು ಟೊಮೆಟೊ ಗಿಡ ಬೆಳೆದರೆ ಭೂಮಿಗೆ ಆಗುವ ಉಪಕಾರ ಸಣ್ಣದು. ಆದರೆ ಒಂದು ಮನೆಯ ಹಸಿ ಕಸ ಲಾರಿ ಹತ್ತದೆ ಮನೆಯಲ್ಲೇ ಉಳಿದರೆ ಅದು ದೊಡ್ಡ ವಿಷಯ. ನಗರದ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸವೇ. ಅದು ಪ್ಲಾಸ್ಟಿಕ್ ಜೊತೆ ಗುಡ್ಡವಾಗಿ ಬಿದ್ದಾಗ ಒಳಗೆ ಗಾಳಿ ಆಡುವುದಿಲ್ಲ. ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೆ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಕೊಳೆತ ರಸ ಕೆಳಗಿಳಿದು ಅಂತರ್ಜಲ ಸೇರುತ್ತದೆ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನ ಜನ ಇದನ್ನೆಲ್ಲ ವರ್ಷಗಟ್ಟಲೆ ಅನುಭವಿಸಿದರು. ಬೆಂಗಳೂರಿನ ಕಸ ನಮ್ಮೂರಿಗೆ ಬೇಡ ಅಂತ 2014ರಲ್ಲಿ ಬೀದಿಗಿಳಿದರು. ಆ ವರ್ಷದ ಕೊನೆಗೆ ಅಲ್ಲಿಗೆ ಕಸ ಹೋಗುವುದು ನಿಂತಿತು. ಆದರೆ ಕಸ ಹುಟ್ಟುವುದು ನಿಲ್ಲಲಿಲ್ಲ, ಅದು ಬೇರೆ ಊರಿನ ದಾರಿ ಹಿಡಿಯಿತು. ನಮ್ಮ ಬಾಳೆಹಣ್ಣಿನ ಸಿಪ್ಪೆ ಯಾರದೋ ಬಾವಿಯ ನೀರು ಕೆಡಿಸಬಾರದು, ಅಲ್ವಾ?

ಬಕೆಟ್ ಗೊಬ್ಬರ ಮಾಡುವುದು ಹೇಗೆ

ಮುಚ್ಚಳ ಇರುವ 20 ಲೀಟರಿನ ಪೇಂಟ್ ಬಕೆಟ್ ಎರಡು ಬೇಕು. ಮನೆಗೆ ಬಣ್ಣ ಹೊಡೆಸಿದವರ ಹತ್ತಿರ ಇದ್ದೇ ಇರುತ್ತವೆ. ಚೆನ್ನಾಗಿ ತೊಳೆದು ಒಣಗಿಸಿ. ಕಾಯಿಸಿದ ದಬ್ಬಳದಿಂದ ಬಕೆಟ್ಟಿನ ಸುತ್ತ ನಾಲ್ಕು ಬೆರಳಿಗೊಂದು ತೂತು ಮಾಡಿ. ತಳದಲ್ಲೂ ಐದಾರು ತೂತು ಇರಲಿ. ಎರಡು ಇಟ್ಟಿಗೆಯ ಮೇಲೆ ಕೂರಿಸಿ, ಕೆಳಗೊಂದು ಹಳೇ ತಟ್ಟೆ ಇಡಿ. ಮಳೆ ನೀರು ಬೀಳದ ಜಾಗ ಆಗಬೇಕು. ಯುಟಿಲಿಟಿಯ ಮೂಲೆ, ಮೆಟ್ಟಿಲ ಕೆಳಗೆ, ಬಾಲ್ಕನಿ, ಎಲ್ಲಾದರೂ ಸರಿ. ಬಕೆಟ್ ನೋಡಲು ಚೆನ್ನಾಗಿಲ್ಲ ಅನ್ನಿಸಿದರೆ ಮಣ್ಣಿನ ಕಂಬ ಸಿಗುತ್ತದೆ. ಒಂದರ ಮೇಲೊಂದು ಕೂರುವ ಮೂರು ಮಡಕೆಗಳು. ಬೆಂಗಳೂರಿನಲ್ಲಿ ಪೂನಂ ಬೀರ್ ಕಸ್ತೂರಿ ಅವರು 2006ರಲ್ಲಿ ಶುರು ಮಾಡಿದ ಡೈಲಿ ಡಂಪ್ ಸಂಸ್ಥೆ ಇದನ್ನು ಮನೆಮನೆಗೆ ತಲುಪಿಸಿತು. ಮಣ್ಣಿನ ಮಡಕೆ ತಾನೇ ಉಸಿರಾಡುವುದರಿಂದ ಹೊಸಬರಿಗೆ ಅದು ಇನ್ನೂ ಸುಲಭ.

ತಳಕ್ಕೆ ನಾಲ್ಕು ಬೆರಳಷ್ಟು ಒಣ ಎಲೆ ಹಾಕಿ. ಅದರ ಮೇಲೆ ಆ ದಿನದ ಹಸಿ ಕಸ ಹಾಕುವುದು. ತರಕಾರಿ ಸಿಪ್ಪೆ, ಸೊಪ್ಪಿನ ಕಡ್ಡಿ, ಹಣ್ಣಿನ ಸಿಪ್ಪೆ, ಫಿಲ್ಟರ್ ಕಾಫಿಯ ಗಸಿ, ಸೋಸಿದ ಟೀ ಪುಡಿ, ಪುಡಿ ಮಾಡಿದ ಮೊಟ್ಟೆ ಚಿಪ್ಪು, ದೇವರಿಗೆ ಏರಿಸಿದ ಹೂವು, ಎಲ್ಲವೂ ಆಗುತ್ತದೆ. ಹೂವಿನ ದಾರ ಬಿಡಿಸಿ. ಸೇಬಿನ ಮೇಲಿನ ಸ್ಟಿಕರ್ ತೆಗೆಯಿರಿ. ದಪ್ಪ ಸಿಪ್ಪೆಯನ್ನು ಚಿಕ್ಕದಾಗಿ ಹೆಚ್ಚಿ, ಬೇಗ ಕೊಳೆಯುತ್ತದೆ. ಎಣ್ಣೆಯ ಅಡುಗೆ, ಮೂಳೆ, ಮಾಂಸ, ಹಾಲು ಹಾಕಬೇಡಿ. ಹಿಂಡಿದ ನಿಂಬೆ ಹೋಳು ಒಂದೆರಡು ಇದ್ದರೆ ತೊಂದರೆಯಿಲ್ಲ, ರಾಶಿ ಬೇಡ. ಮಾವಿನ ಓಟೆ, ತೆಂಗಿನ ಚಿಪ್ಪು ವರ್ಷವಾದರೂ ಕರಗುವುದಿಲ್ಲ, ಅವನ್ನು ದೂರ ಇಡಿ.

ಒಂದು ಬಟ್ಟಲು ಹಸಿ ಕಸಕ್ಕೆ ಒಂದರಿಂದ ಒಂದೂವರೆ ಬಟ್ಟಲು ಒಣ ವಸ್ತು ಬೇಕು. ಒಣ ಎಲೆ, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಮರದ ಹೊಟ್ಟು, ಹರಿದ ರಟ್ಟು, ಯಾವುದಾದರೂ ಆಗಬಹುದು. ಎಷ್ಟೋ ಜನ ಗೊಬ್ಬರ ಮಾಡುವುದನ್ನು ಬಿಟ್ಟುಬಿಡುವುದು ಈ ಅಳತೆ ತಪ್ಪಿದ್ದಕ್ಕೇ. ಒಣ ಎಲೆ ಕಡಿಮೆಯಾದರೆ ಬಕೆಟ್ಟಿನೊಳಗೆ ಗಾಳಿ ಆಡುವುದಿಲ್ಲ, ನಾಲ್ಕೇ ದಿನಕ್ಕೆ ನಾರುತ್ತದೆ. ಮೊದಲ ವಾರ ಒಂದು ಸೌಟು ಹುಳಿ ಮಜ್ಜಿಗೆಗೆ ನೀರು ಬೆರೆಸಿ ಚಿಮುಕಿಸಿ. ಇಲ್ಲವೇ ಯಾರಾದರೂ ಗೊಬ್ಬರ ಮಾಡುವವರಿಂದ ಎರಡು ಹಿಡಿ ಹಳೇ ಗೊಬ್ಬರ ಕೇಳಿ ತನ್ನಿ. ಹಾಲಿಗೆ ಹೆಪ್ಪು ಹಾಕುವ ಹಾಗೆಯೇ ಇದು. ಕೊಳೆಸುವ ಸೂಕ್ಷ್ಮಜೀವಿಗಳು ಒಂದು ಸಲ ಒಳಗೆ ನೆಲೆಯಾದರೆ ಮುಂದಿನದು ಅವೇ ನೋಡಿಕೊಳ್ಳುತ್ತವೆ. ಪ್ರತಿ ದಿನ ಕೊನೆಗೆ ಹಸಿ ಕಸ ಕಾಣದ ಹಾಗೆ ಒಣ ಎಲೆಯಿಂದ ಮುಚ್ಚಿ. ವಾರಕ್ಕೆ ಎರಡು ಸಲ ಕೋಲಿನಿಂದ ತಳದವರೆಗೂ ಕೆದಕಿ.

ನಾಲ್ಕೈದು ದಿನ ಕಳೆದ ಮೇಲೆ ಮುಚ್ಚಳ ತೆಗೆದು ಅಂಗೈ ಹತ್ತಿರ ಹಿಡಿದು ನೋಡಿ. ಬೆಚ್ಚಗಿರುತ್ತದೆ. ಟೊಮೆಟೊ ಸಿಪ್ಪೆಯ ಮೇಲೆ ಬಿಳಿ ಬೂಷ್ಟು ಹಬ್ಬಿರುತ್ತದೆ. ಇವೆರಡೂ ಒಳ್ಳೆಯ ಲಕ್ಷಣ, ಹೆದರಬೇಡಿ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ತೇವ ಸರಿಯಾಗಿದೆ. ನೀರು ಧಾರೆಯಾಗಿ ಇಳಿದರೆ ಒಣ ಎಲೆ ಹಾಕಿ ಕೆದಕಿ. ಪುಡಿಪುಡಿಯಾಗಿ ಉದುರಿದರೆ, ಇರುವೆ ಸೇರಿದ್ದರೆ, ನೀರು ಚಿಮುಕಿಸಿ. ದಪ್ಪ ಬಿಳಿ ಹುಳುಗಳು ಕಂಡರೆ ಹೆಚ್ಚಿನವರು ಗಾಬರಿಯಾಗಿ ಬಕೆಟ್ಟನ್ನೇ ಎಸೆಯುತ್ತಾರೆ. ಸಾಮಾನ್ಯವಾಗಿ ಅವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಕಸ ತಿಂದು ಬೇಗ ಕರಗಿಸುತ್ತವೆ, ಮನುಷ್ಯರಿಗೆ ಏನೂ ಮಾಡುವುದಿಲ್ಲ. ನೋಡಲು ಕಷ್ಟವಾದರೆ ಒಣ ಎಲೆ ಜಾಸ್ತಿ ಮಾಡಿ, ತಾವಾಗಿ ಕಡಿಮೆಯಾಗುತ್ತವೆ.

ಬಕೆಟ್ ತುಂಬಿದ ಮೇಲೆ ಮುಚ್ಚಿ ಪಕ್ಕಕ್ಕಿಟ್ಟು ಎರಡನೆಯದನ್ನು ಶುರು ಮಾಡಿ. ಮೊದಲನೆಯದು ಇನ್ನೂ 30ರಿಂದ 40 ದಿನ ಮಾಗಬೇಕು. ನಡುವೆ ವಾರಕ್ಕೊಮ್ಮೆ ಕೆದಕಿದರೆ ಸಾಕು. ಮಾಗಿದ ಗೊಬ್ಬರ ಕಪ್ಪಗೆ, ಹುಡಿಯಾಗಿ ಇರುತ್ತದೆ. ಯಾವುದು ಯಾವ ಸಿಪ್ಪೆ ಅಂತ ಗುರುತು ಸಿಗುವುದಿಲ್ಲ. ಮೂಸಿದರೆ ಮೊದಲ ಮಳೆಯ ಮಣ್ಣಿನ ವಾಸನೆ. ಎರಡು ವಾಸನೆಗೂ ಕಾರಣ ಒಂದೇ, ಮಣ್ಣಿನ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್ ಅನ್ನುವ ವಸ್ತು. ಜರಡಿ ಹಿಡಿದು ಹುಡಿ ತೆಗೆದಿಡಿ. ಉಳಿದ ದಪ್ಪ ಚೂರುಗಳನ್ನು ಹೊಸ ಬಕೆಟ್ಟಿಗೆ ಹಾಕಿ.

ಈಗ ತಾರಸಿ ಹತ್ತಿ ನೋಡಿ

ಬಕೆಟ್ ಮಾಗುವ ಈ ದಿನಗಳಲ್ಲಿ ಬಿಸಿಲು ಎಲ್ಲಿ ಬೀಳುತ್ತದೆ ಅಂತ ಗಮನಿಸಿ. ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ಒಂದೊಂದು ಸಲ ಹೋಗಿ. ಟೊಮೆಟೊ, ಬದನೆ, ಬೆಂಡೆ, ಮೆಣಸಿನಕಾಯಿಗೆ ಐದಾರು ಗಂಟೆ ನೇರ ಬಿಸಿಲು ಬೇಕು. ಸೊಪ್ಪಿಗೆ ಮೂರ್ನಾಲ್ಕು ಗಂಟೆ ಸಾಕು. ಬಾಲ್ಕನಿಯಲ್ಲಿ ಎರಡೇ ಗಂಟೆ ಬಿಸಿಲು ಬರುತ್ತದೆ ಅನ್ನುವವರು ದೊಡ್ಡಪತ್ರೆ, ಒಂದೆಲಗ, ಪುದೀನ ಹಾಕಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ದಕ್ಷಿಣದಲ್ಲಿ ಎತ್ತರದ ಕಟ್ಟಡ ಇದ್ದರೆ ಜೂನಿನಲ್ಲಿ ಬಿಸಿಲಿದ್ದ ಜಾಗಕ್ಕೆ ಆಗ ನೆರಳು ಬರುತ್ತದೆ. ಇದನ್ನು ನೋಡಿಕೊಂಡೇ ಕುಂಡ ಇಡಿ.

ಸೋರುವ ತಾರಸಿ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ತೋಟ ಆಮೇಲೆ. ಗಿಡ ಬೆಳೆಸುವ ಹನ್ನೆರಡು ಇಂಚಿನ ಒಂದು ಚೀಲಕ್ಕೆ, ಅಂದರೆ ಗ್ರೋ ಬ್ಯಾಗ್‌ಗೆ, ಮಣ್ಣು ತುಂಬಿ ನೀರು ಹಾಕಿದರೆ 20 ಕೆಜಿ ದಾಟುತ್ತದೆ. ಐವತ್ತು ಚೀಲ ಅಂದರೆ ಒಂದು ಟನ್. ಅದನ್ನೆಲ್ಲ ತಾರಸಿಯ ನಡುವೆ ಗುಂಪಾಗಿ ಇಡಬಾರದು. ಗೋಡೆ ಮತ್ತು ತೊಲೆ ಹಾದುಹೋಗಿರುವ ಸಾಲಿನಲ್ಲಿ ಹರಡಿ ಇಡಿ. ಮನೆ ಹಳೆಯದಾದರೆ ಎಂಜಿನಿಯರಿಗೆ ಒಮ್ಮೆ ತೋರಿಸಿ. ಪ್ರತಿ ಚೀಲದ ಕೆಳಗೆ ಇಟ್ಟಿಗೆ ಅಥವಾ ಸ್ಟ್ಯಾಂಡ್ ಇರಲಿ, ಕೆಳಗೆ ಪೊರಕೆ ಆಡುವಂತಿರಬೇಕು. ನೀರು ಹೋಗುವ ಪೈಪಿನ ಬಾಯಿಗೆ ಜಾಲರಿ ಹಾಕಿ. ಬಾಡಿಗೆ ಮನೆಯವರು ಮಾಲೀಕರಿಗೆ ಮೊದಲೇ ಹೇಳಿಬಿಡಿ. ಮೊದಲ ಕೊಯ್ಲಿನ ಸೊಪ್ಪು ಅವರ ಮನೆಗೂ ಹೋದರೆ ಆಮೇಲೆ ತಕರಾರು ಬರುವುದು ಕಡಿಮೆ.

ಮಣ್ಣು ಕಲಸುವುದು

ಕೆಮ್ಮಣ್ಣು ಒಂದು ಪಾಲು, ಗೊಬ್ಬರ ಒಂದು ಪಾಲು, ಕೊಕೊಪೀಟ್ ಒಂದು ಪಾಲು. ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ. ಇಷ್ಟೇ. ಮನೆಯ ಗೊಬ್ಬರ ಮೊದಲ ಸಲ ಸಾಲುವುದಿಲ್ಲ. ಕೊರತೆಯಾದದ್ದಕ್ಕೆ ಎರೆಗೊಬ್ಬರವನ್ನೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೋ ಕೊಳ್ಳಿ. ಹಸಿ ಸಗಣಿ ಬೇಡ, ಅದರ ಬಿಸಿಗೆ ಬೇರು ಸುಡುತ್ತದೆ. ಕೊಕೊಪೀಟ್ ಇಟ್ಟಿಗೆಯನ್ನು ನೀರಲ್ಲಿ ನೆನೆಸಿ, ಹಿಂಡಿ, ಮತ್ತೆ ತೊಳೆದು ಹಿಂಡಿ. ತೆಂಗಿನ ನಾರಿನಲ್ಲಿ ಉಪ್ಪಿನಂಶ ಇರುತ್ತದೆ, ತೊಳೆಯದೆ ಹಾಕಿದರೆ ಎಳೆ ಸಸಿಯ ಎಲೆ ಅಂಚಿನಿಂದ ಒಣಗುತ್ತದೆ.

ಕಲಸಿದ ಮಣ್ಣನ್ನು ಚೀಲದ ಬಾಯಿಗೆ ಎರಡು ಬೆರಳು ಬಿಟ್ಟು ತುಂಬಿ. ನೀರು ಹಾಕಿ ಒಂದು ವಾರ ಸುಮ್ನೆ ಬಿಡಿ. ಆಮೇಲೆ ಬೀಜ ಹಾಕಿ.

ಮೊದಲ ಬೆಳೆ ಸೊಪ್ಪೇ ಆಗಲಿ

ಟೊಮೆಟೊ ಮೇಲೆ ಎಲ್ಲರಿಗೂ ಆಸೆ, ಗೊತ್ತು. ಆದರೆ ಅದಕ್ಕೆ ಮೂರು ತಿಂಗಳು ಕಾಯಬೇಕು, ಅಷ್ಟರಲ್ಲಿ ರೋಗವೂ ಬರಬಹುದು. ಹರಿವೆ 25ರಿಂದ 30 ದಿನಕ್ಕೆ ಅಡುಗೆಮನೆಗೆ ಬರುತ್ತದೆ. ಮೆಂತ್ಯ ಅದಕ್ಕಿಂತ ಬೇಗ. ಮೊದಲ ತಿಂಗಳಲ್ಲೇ ಒಂದು ಹೊತ್ತಿನ ಬಸ್ಸಾರು ತಾರಸಿಯಿಂದ ಬಂದರೆ ಮನೆಯವರೆಲ್ಲ ನಿಮ್ಮ ಕಡೆ ಆಗುತ್ತಾರೆ.

ಹರಿವೆ ಬೀಜ ತುಂಬಾ ಸಣ್ಣದು. ಸುಮ್ಮನೆ ಚೆಲ್ಲಿದರೆ ಒಂದೇ ಕಡೆ ಗುಂಪಾಗುತ್ತದೆ. ಒಂದು ಚಿಟಿಕೆ ಬೀಜಕ್ಕೆ ಒಂದು ಹಿಡಿ ಮರಳು ಬೆರೆಸಿ ಉದುರಿಸಿ. ಮೇಲೆ ತೆಳ್ಳಗೆ ಗೊಬ್ಬರದ ಹುಡಿ ಉದುರಿಸಿ, ಕೈಯಿಂದ ನೀರು ಚಿಮುಕಿಸಿ. ಮೂರ್ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತದೆ. ಮೆಂತ್ಯ ಮತ್ತು ಕೊತ್ತಂಬರಿಗೆ ಅಂಗಡಿಯ ಬೀಜದ ಪೊಟ್ಟಣ ಬೇಕಾಗಿಲ್ಲ, ಅಡುಗೆಮನೆ ಡಬ್ಬಿಯದೇ ಸಾಕು. ಮೆಂತ್ಯವನ್ನು ರಾತ್ರಿ ನೆನೆಸಿ ಬೆಳಿಗ್ಗೆ ಹಾಕಿ. ಕೊತ್ತಂಬರಿಯನ್ನು ಹಲಗೆಯ ಮೇಲೆ ಹರಡಿ ಮೆಲ್ಲಗೆ ಉಜ್ಜಿ ಎರಡು ಬೇಳೆಯಾಗಿ ಒಡೆದು ಹಾಕಿ. ಅದು ಹುಟ್ಟಲು ಎಂಟು ಹತ್ತು ದಿನ ಹಿಡಿಯುತ್ತದೆ, ಅಷ್ಟರೊಳಗೆ ಬೇಸರ ಮಾಡಿಕೊಂಡು ಕೆದಕಬೇಡಿ. ಬಸಳೆ, ದೊಡ್ಡಪತ್ರೆ, ಪುದೀನ, ಚಕ್ರಮುನಿ ಕಡ್ಡಿ ನೆಟ್ಟರೆ ಬರುತ್ತವೆ. ಇವಕ್ಕೆ ದುಡ್ಡು ಕೊಡಬೇಡಿ. ರಸ್ತೆಯಲ್ಲಿ ಯಾರ ಮನೆ ಮುಂದಾದರೂ ಇದ್ದೇ ಇರುತ್ತವೆ, ಕೇಳಿದರೆ ಸಂತೋಷವಾಗಿ ಕೊಡುತ್ತಾರೆ.

ಸೊಪ್ಪು ಕೈಗೆ ಒಗ್ಗಿದ ಮೇಲೆ ಬೆಂಡೆ, ಅಲಸಂದೆ, ಮೆಣಸಿನಕಾಯಿ, ಆಮೇಲೆ ಬದನೆ, ಟೊಮೆಟೊ. ಇವಕ್ಕೆ 15 ಇಂಚಿನ ಚೀಲ ಇರಲಿ. ಬೀಜಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳನ್ನು ನೋಡಿ. ಬೆಂಡೆಗೆ ಅರ್ಕಾ ಅನಾಮಿಕ, ಮತ್ತೆ ಮತ್ತೆ ಕೊಯ್ಯುವ ಹರಿವೆಗೆ ಅರ್ಕಾ ಸುಗುಣ, ಪಾಲಕ್‌ಗೆ ಅರ್ಕಾ ಅನುಪಮ. ನಾಟಿ ಬೀಜ ಬೇಕೆನ್ನುವವರಿಗೆ ಸಹಜ ಸಮೃದ್ಧ ಬಳಗ ಎಷ್ಟೋ ವರ್ಷದಿಂದ ಬೀಜ ಉಳಿಸುವ ಕೆಲಸ ಮಾಡುತ್ತಿದೆ.

ಬೆಂಗಳೂರು, ಮೈಸೂರು, ತುಮಕೂರು ಕಡೆಯ ಹವೆಗೆ ಜೂನ್-ಜುಲೈನಲ್ಲಿ ಬಳ್ಳಿ ತರಕಾರಿ, ಅವರೆ, ಬೀನ್ಸ್. ಅಕ್ಟೋಬರ್-ನವೆಂಬರಿನಲ್ಲಿ ಟೊಮೆಟೊ, ಮೂಲಂಗಿ, ಮೆಂತ್ಯ, ಕೊತ್ತಂಬರಿ, ಕೋಸು. ಬೇಸಿಗೆಗೆ ಬೆಂಡೆ, ಹಾಗಲ, ಅಲಸಂದೆ, ಹರಿವೆ. ಅವರೆಯ ಬಗ್ಗೆ ಒಂದು ಮಾತು. ಸೊಗಡಿನ ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತದೆ. ಜುಲೈ-ಆಗಸ್ಟಿನಲ್ಲಿ ಹಾಕಿದರೆ ಚಳಿ ಹೊತ್ತಿಗೆ ಕಾಯಿ. ಫೆಬ್ರವರಿಯಲ್ಲಿ ಹಾಕಿ ಬರೀ ಬಳ್ಳಿ ನೋಡಿಕೊಂಡು ಕೂರಬೇಡಿ. ವರ್ಷಪೂರ್ತಿ ಕಾಯಿ ಬೇಕಾದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿ ಹಾಕಬಹುದು, ಅದಕ್ಕೆ ಹಗಲಿನ ಲೆಕ್ಕವಿಲ್ಲ. ಅವರೆ, ಅಲಸಂದೆ, ಬೀನ್ಸ್ ಬೇರಿನ ಗಂಟುಗಳಲ್ಲಿ ಇರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತವೆ. ಬೆಳೆ ಮುಗಿದ ಮೇಲೆ ಗಿಡ ಕೀಳಬೇಡಿ. ಬುಡಕ್ಕೆ ಕತ್ತರಿಸಿ, ಬೇರನ್ನು ಮಣ್ಣಲ್ಲೇ ಬಿಡಿ. ಮುಂದಿನ ಸಲ ಆ ಚೀಲದಲ್ಲಿ ಸೊಪ್ಪು ಹಾಕಿ ನೋಡಿ, ಬಣ್ಣದಲ್ಲೇ ವ್ಯತ್ಯಾಸ ಕಾಣುತ್ತದೆ.

ನೀರು

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಕಾರು ತೊಳೆಯಬಾರದು, ಮೀರಿದರೆ 5000 ರೂಪಾಯಿ ದಂಡ ಅಂತ ಹೇಳಿತು. ನನಗೆ ಅದು ಸರಿ ಅನ್ನಿಸಿತು. ಪಕ್ಕದ ಬಡಾವಣೆಯಲ್ಲಿ ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾಯುತ್ತಿರುವಾಗ ನಮ್ಮ ಗುಲಾಬಿಗೆ ಕಾವೇರಿ ನೀರು ಹರಿಸುವುದು ನ್ಯಾಯವಲ್ಲ.

ತೋಟದ ನೀರಿನ ದಾರಿಯನ್ನು ಮೊದಲಿನಿಂದಲೇ ಬೇರೆ ಮಾಡಿ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರಿಗೆ ಸಿಂಕಿನ ಪಕ್ಕ ಒಂದು ಪಾತ್ರೆ ಇಡಿ. ಹತ್ತು ಹದಿನೈದು ಚೀಲದ ಸೊಪ್ಪಿನ ತೋಟದ ಬಹುಪಾಲು ಅದರಲ್ಲೇ ನಡೆಯುತ್ತದೆ. ಮಳೆ ನೀರಿಗೆ ಮುಚ್ಚಳದ ಡ್ರಮ್ ಇರಲಿ. ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಲವಣ ಜಾಸ್ತಿ, ಅದೊಂದನ್ನೇ ದಿನಾ ಹಾಕಿದರೆ ಮಣ್ಣು ಕೆಡುತ್ತದೆ. ಮಳೆ ನೀರೋ ತೊಳೆದ ನೀರೋ ಸೇರಿಸಿ ಹಾಕಿ.

ಬೆರಳನ್ನು ಎರಡು ಗೆಣ್ಣು ಮಣ್ಣೊಳಗೆ ಇಳಿಸಿ. ತಂಪಿದ್ದರೆ ಆ ದಿನ ನೀರು ಬೇಡ. ಕುಂಡದ ಗಿಡ ಸಾಯುವುದು ನೀರಿಲ್ಲದೆ ಎಷ್ಟೋ, ನೀರು ಜಾಸ್ತಿಯಾಗಿಯೂ ಅಷ್ಟೇ. ಮಣ್ಣಿನ ಮೇಲೆ ಎರಡು ಬೆರಳು ಒಣ ಎಲೆ ಹೊದಿಸಿ, ನೀರು ಬೇಗ ಆರುವುದಿಲ್ಲ. ಚೀಲದ ಕೆಳಗಿನ ತಟ್ಟೆಯಲ್ಲಿ, ಖಾಲಿ ಕುಂಡದಲ್ಲಿ ನೀರು ನಿಲ್ಲಲು ಬಿಡಬೇಡಿ. ಡೆಂಗಿ ಸೊಳ್ಳೆ ಅಂಥ ಕಡೆಯೇ ಮೊಟ್ಟೆ ಇಡುತ್ತದೆ. ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿ.

ಬೆಳಗಿನ ಕಾಲು ಗಂಟೆ

ಹುಳು ಬಂದಮೇಲೆ ಔಷಧ ಹುಡುಕುವುದಕ್ಕಿಂತ ದಿನಾ ಬೆಳಿಗ್ಗೆ ಕಾಲು ಗಂಟೆ ಗಿಡಗಳ ನಡುವೆ ಓಡಾಡುವುದು ಎಷ್ಟೋ ಮೇಲು. ಫೋನು ಕೆಳಗೆ ಬಿಟ್ಟು ಹೋಗಿ. ಎಲೆ ಮಗುಚಿ ನೋಡಿ. ಬದನೆ ಎಲೆಯ ಅಡಿಯಲ್ಲಿ ಹಿಟ್ಟು ಮೆತ್ತಿದಂತಿದ್ದರೆ ಅದು ಹಿಟ್ಟುತಿಗಣೆ. ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿ ನೀರು ಹೊಡೆಯಿರಿ. ಟೊಮೆಟೊ ಎಲೆಯ ಮೇಲೆ ಬಿಳಿ ಗೀರುಗಳು ಸುರುಳಿ ಸುತ್ತಿದ್ದರೆ ರಂಗೋಲಿ ಹುಳು. ಆ ಎಲೆ ಕಿತ್ತು ದೂರ ಹಾಕಿದರೆ ಸಾಕು. ಅವರೆ ಕುಡಿಯಲ್ಲಿ ಕಪ್ಪು ಹೇನು ಮುತ್ತಿದ್ದರೆ ಕೂಡಲೇ ಏನೂ ಹೊಡೆಯಬೇಡಿ, ಸುತ್ತ ನೋಡಿ. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆ ಇರುವ ಗುಲಗಂಜಿ ಹುಳು ಬಂದಿದೆಯಾ? ಅದೂ ಅದರ ಮರಿಗಳೂ ಹೇನನ್ನೇ ತಿಂದು ಬದುಕುವುದು. ನಾಲ್ಕು ದಿನ ಅವಕಾಶ ಕೊಡಿ. ಆಮೇಲೂ ಹೇನು ಹೆಚ್ಚಾದರೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಚೆನ್ನಾಗಿ ಕಲಕಿ, ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಅಂಗಡಿಯ ರಾಸಾಯನಿಕ ವಿಷ ಖಂಡಿತ ಬೇಡ. ನಾಳೆ ಅದೇ ಸೊಪ್ಪನ್ನು ಮಕ್ಕಳ ತಟ್ಟೆಗೆ ಹಾಕುವವರು ನೀವೇ.

ಈ ಕಾಲು ಗಂಟೆ ಗಿಡಕ್ಕಿಂತ ಜಾಸ್ತಿ ನಮಗೆ ಒಳ್ಳೆಯದು. ನೆದರ್‌ಲ್ಯಾಂಡ್ಸ್‌ನಲ್ಲಿ ಇಬ್ಬರು ಸಂಶೋಧಕರು ಇದನ್ನು ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದರು. ತೋಟ ಮಾಡುವ ಮೂವತ್ತು ಜನರಿಗೆ ಮೊದಲು ಒತ್ತಡ ತರುವ ಒಂದು ಕೆಲಸ ಕೊಟ್ಟರು. ನಂತರ ಅರ್ಧ ಗಂಟೆ ಕೆಲವರು ತೋಟದ ಕೆಲಸ ಮಾಡಿದರು, ಉಳಿದವರು ಒಳಗೆ ಕೂತು ಓದಿದರು. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಎರಡು ಗುಂಪಿನಲ್ಲೂ ಇಳಿಯಿತು, ತೋಟದವರಲ್ಲಿ ಜಾಸ್ತಿ ಇಳಿಯಿತು. ಮನಸ್ಸಿನ ಗೆಲುವು ಪೂರ್ತಿ ಮರಳಿದ್ದೂ ತೋಟದವರಿಗೇ. ಸಣ್ಣ ಪರೀಕ್ಷೆ ನಿಜ. ಆದರೆ ಗಿಡ ಸಾಕುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ನಮ್ಮ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ತೋಟಗಾರಿಕೆಯನ್ನೂ ಒಂದು ಚಟುವಟಿಕೆಯಾಗಿ ಇಟ್ಟಿದ್ದಾರೆ. ಮನಸ್ಸಿನ ಕಾಯಿಲೆಗೆ ವೈದ್ಯರ ಬದಲು ತೋಟ ಅಂತ ಯಾರೂ ತಿಳಿಯಬಾರದು, ಮಾತ್ರೆ ಬಿಡಲೇಬಾರದು. ಜೊತೆಗಿದ್ದರೆ ಮಾತ್ರ ತೋಟ ಒಳ್ಳೆಯ ಆಸರೆ.

ಮನೆಯಲ್ಲಿ ವಯಸ್ಸಾದವರಿದ್ದರೆ ನಾಲ್ಕೈದು ಚೀಲಗಳನ್ನು ಸೊಂಟದ ಎತ್ತರದ ಸ್ಟ್ಯಾಂಡಿನಲ್ಲಿ ಇಡಿ. ಬಗ್ಗುವಂತಿಲ್ಲ, ಮಂಡಿ ನೋವು ಅನ್ನುವವರಿಗೂ ಸೊಪ್ಪು ಬಿಡಿಸಲು ಆಗಬೇಕು. ಪಕ್ಕದಲ್ಲಿ ಒಂದು ಕುರ್ಚಿ ಇರಲಿ. ನಿವೃತ್ತಿಯಾದ ಮೇಲೆ "ನನ್ನಿಂದ ಏನೂ ಉಪಯೋಗ ಇಲ್ಲ" ಅನ್ನುತ್ತಿದ್ದ ಎಷ್ಟೋ ಹಿರಿಯರು ಮನೆಗೆ ದಿನಾ ಒಂದು ಹಿಡಿ ಕರಿಬೇವು, ಎರಡು ಮೆಣಸಿನಕಾಯಿ ತಂದುಕೊಡುವ ಕೆಲಸ ಸಿಕ್ಕಾಗ ಬೇರೆಯೇ ಮನುಷ್ಯರಾಗುತ್ತಾರೆ. ಹಳ್ಳಿಯಿಂದ ಮಕ್ಕಳ ಮನೆಗೆ ಬಂದು ನಾಲ್ಕು ಗೋಡೆಯ ನಡುವೆ ಕೂತ ಅಜ್ಜ ಅಜ್ಜಿಗೆ ಗೊತ್ತಿರುವ ವಿದ್ಯೆ ಇದು. ಯಾವ ವಿಡಿಯೋ ನೋಡುವ ಮುಂಚೆಯೂ ಅವರನ್ನು ಕೇಳಿ. ನೀವು ಕಳೆ ಅಂತ ಕಿತ್ತೆಸೆಯುವ ಅಣ್ಣೆ ಸೊಪ್ಪು, ಗೋಣಿ ಸೊಪ್ಪು ಅವರಿಗೆ ಬೆರಕೆ ಸೊಪ್ಪಿನ ಸಾರು.

ಜೇನಿಗೂ ಒಂದು ಚೀಲ

ಬಳ್ಳಿ ತುಂಬಾ ಹೂವಿದೆ, ಕಾಯಿ ಮಾತ್ರ ಕಟ್ಟುತ್ತಿಲ್ಲ ಅನ್ನುವ ದೂರು ಎಲ್ಲರದು. ಪರಾಗ ಒಯ್ಯುವವರು ಬರುತ್ತಿಲ್ಲ ಅಂತ ಅರ್ಥ. ತುಳಸಿ, ಕಾಮಕಸ್ತೂರಿ, ಚೆಂಡುಹೂವಿಗೆ ಎರಡು ಮೂರು ಚೀಲ ಮೀಸಲಿಡಿ. ಒಂದು ಚೀಲದ ಸಾಸಿವೆಯನ್ನು ಕೊಯ್ಯದೆ ಹೂವಿಗೆ ಬಿಡಿ. ತುಡುವೆ ಜೇನು, ಕೋಲ್ಜೇನು ತಾವಾಗಿ ಹುಡುಕಿಕೊಂಡು ಬರುತ್ತವೆ. ಕೋಲ್ಜೇನು ಕೆಲವು ಸಲ ತಾರಸಿಯ ಗಿಡದಲ್ಲೇ ಅಂಗೈಯಗಲದ ಒಂದೇ ಎರಿ ಕಟ್ಟುತ್ತದೆ. ಹೊಗೆ ಹಾಕಬೇಡಿ, ಆ ಕಡೆ ನಾಲ್ಕಡಿ ದೂರ ಓಡಾಡಿ.

ಅಷ್ಟರವರೆಗೆ ನೀವೇ ಪರಾಗ ಮುಟ್ಟಿಸಬಹುದು. ಹೂವಿನ ಕೆಳಗೆ ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಗಂಡು ಹೂ ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಹೊತ್ತು ಮುಖ್ಯ. ಕುಂಬಳ, ಸೌತೆ, ಹಾಗಲ ಬೆಳಿಗ್ಗೆ ಅರಳುತ್ತವೆ. ಹೀರೆ, ಸೋರೆ ಸಂಜೆ ಅರಳುತ್ತವೆ. ಹೀರೆಗೆ ಬೆಳಿಗ್ಗೆ ಹೋದರೆ ಹೂ ಬಾಡಿರುತ್ತದೆ.

ಬೀದಿಯವರ ಜೊತೆ

ಹರಿವೆ ಬಂದರೆ ಒಟ್ಟಿಗೇ ಬರುತ್ತದೆ. ಒಂದು ಮನೆಗೆ ತಿಂದು ಮುಗಿಯುವುದಿಲ್ಲ. ಅದನ್ನು ಫ್ರಿಜ್ಜಿನಲ್ಲಿ ಕೊಳೆಸುವ ಬದಲು ಪಕ್ಕದ ಮನೆಯ ಬಾಗಿಲು ತಟ್ಟಿ. ಹತ್ತು ವರ್ಷದಿಂದ ಲಿಫ್ಟಿನಲ್ಲಿ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಿದ್ದವರು ಒಂದು ಕಟ್ಟು ಸೊಪ್ಪಿನ ನೆಪದಲ್ಲಿ ಮಾತಾಡುತ್ತಾರೆ. ಕೆಮ್ಮಿಗೆ ದೊಡ್ಡಪತ್ರೆ ಬೇಕು ಅಂತ ಅವರೂ ಬರುತ್ತಾರೆ. ಮನೆಗೆಲಸಕ್ಕೆ ಬರುವವರಿಗೂ, ಸೆಕ್ಯುರಿಟಿಯವರಿಗೂ ಪಾಲಿರಲಿ. ಅವರಲ್ಲಿ ಹಲವರು ಹೊಲ ಬಿಟ್ಟು ಬಂದವರು. ನಿಮ್ಮ ಬದನೆ ಗಿಡಕ್ಕೆ ಏನಾಗಿದೆ ಅಂತ ದೂರದಿಂದಲೇ ಹೇಳಬಲ್ಲರು.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಒಳ್ಳೆಯ ಪರಂಪರೆ ಇದೆ. ಕೀಟಶಾಸ್ತ್ರಜ್ಞ ಡಾ. ಬಿ.ಎನ್. ವಿಶ್ವನಾಥ್ ಅವರು ನಗರದ ಜನರಿಗೆ ತಾರಸಿಯಲ್ಲಿ ತರಕಾರಿ ಬೆಳೆಯುವುದನ್ನು ವರ್ಷಗಳ ಕಾಲ ಕಲಿಸಿದರು. ಅವರ ಬಳಗದವರು 2011ರಲ್ಲಿ ಶುರು ಮಾಡಿದ 'ಊಟ ಫ್ರಮ್ ಯುವರ್ ತೋಟ' ಕಾರ್ಯಕ್ರಮ ಒಂದೊಂದು ಸಲ ಒಂದೊಂದು ಬಡಾವಣೆಯಲ್ಲಿ ನಡೆಯಿತು. ಬೀಜ, ಗೊಬ್ಬರ, ಸಲಹೆ ಎಲ್ಲ ಒಂದೇ ಕಡೆ. ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರದಲ್ಲಿ ಮನೆ, ಅಪಾರ್ಟ್‌ಮೆಂಟ್, ಪಾರ್ಕ್‌ಗಳಿಗೆ ಹೊಂದುವ ಹಲವು ಬಗೆಯ ಗೊಬ್ಬರದ ವಿಧಾನಗಳನ್ನು ಕಣ್ಣಾರೆ ನೋಡಬಹುದು. ಓದುವುದಕ್ಕಿಂತ ಒಂದು ಸಲ ನೋಡಿ ಬರುವುದು ವಾಸಿ.

ಬೀಜ ಹಂಚಿಕೊಳ್ಳುವ ಅಭ್ಯಾಸ ನಿಮ್ಮ ಬೀದಿಯಲ್ಲೂ ಬೆಳೆಸಿ. ಗಿಡಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ಬೀಜಕ್ಕೆ ಬಿಡಿ. ಬೆಂಡೆ, ಅವರೆ ಗಿಡದಲ್ಲೇ ಒಣಗಲಿ. ಟೊಮೆಟೊ ಬೀಜವನ್ನು ತಿರುಳಿನ ಸಮೇತ ನೀರಲ್ಲಿ ಎರಡು ದಿನ ಬಿಟ್ಟು, ಲೋಳೆ ಕರಗಿದ ಮೇಲೆ ತೊಳೆದು ನೆರಳಲ್ಲಿ ಒಣಗಿಸಿ. ಗಾಜಿನ ಬಾಟಲಿಗೆ ಒಂದು ಚಮಚ ಬೂದಿ ಜೊತೆ ಹಾಕಿ, ಹೆಸರು, ತಿಂಗಳು ಬರೆದಿಡಿ. ಎರಡು ತಳಿ ಬೆರೆಸಿ ಮಾಡಿದ ಎಫ್-1 ಹೈಬ್ರಿಡ್ ಗಿಡದಿಂದ ತೆಗೆದ ಬೀಜ ತಾಯಿ ಗಿಡದ ಹಾಗೆ ಬರುವುದಿಲ್ಲ, ಅದನ್ನು ಹಂಚಬೇಡಿ. ಸಂಕ್ರಾಂತಿಗೆ ಎಳ್ಳು ಬೀರಲು ಹೋಗುವಾಗ ತಟ್ಟೆಯಲ್ಲಿ ಒಂದು ಪೊಟ್ಟಣ ಅವರೆ ಬೀಜವೂ ಇರಲಿ. ಜುಲೈನಲ್ಲಿ ಹಾಕಿ ಅಂತ ಹೇಳಿ ಕೊಡಿ.

ಇನ್ನು ಒಣ ಎಲೆಯ ವಿಷಯ. ಪಾರ್ಕಿನಲ್ಲಿ, ರಸ್ತೆ ಬದಿಯಲ್ಲಿ ಎಲೆ ಗುಡಿಸಿ ಬೆಂಕಿ ಹಾಕುವುದು ಈಗಲೂ ನಿಂತಿಲ್ಲ. ಅದು ಕಾನೂನಿಗೆ ವಿರುದ್ಧ, ಆ ಹೊಗೆ ಉಬ್ಬಸ ಇರುವ ಮಕ್ಕಳ ಎದೆಗೇ ಹೋಗುತ್ತದೆ. ಗುಡಿಸುವವರ ಮೇಲೆ ರೇಗಿ ಪ್ರಯೋಜನವಿಲ್ಲ, ಎಲೆ ಹಾಕಲು ಅವರಿಗೆ ಬೇರೆ ಜಾಗ ಇಲ್ಲ. ಜಾಗ ಮಾಡಿಕೊಡಿ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರಕ್ಕೆ ಕಬ್ಬಿಣದ ಜಾಲರಿಯನ್ನು ದುಂಡಗೆ ಸುತ್ತಿ ಕಟ್ಟಿದರೆ ಆಯಿತು. ಪಾರ್ಕಿನ ಉಸ್ತುವಾರಿ ನೋಡುವವರ ಒಪ್ಪಿಗೆ ಪಡೆದು ಒಂದು ಮೂಲೆಯಲ್ಲಿ ನಿಲ್ಲಿಸಿ. ಎಲೆ ತುಂಬಿ, ತುಳಿದು, ಪ್ರತಿ ಒಂದಡಿಗೆ ಸಗಣಿ ನೀರನ್ನೋ ಹುಳಿ ಮಜ್ಜಿಗೆಯ ನೀರನ್ನೋ ಚಿಮುಕಿಸಿ. ವಾರಕ್ಕೊಮ್ಮೆ ನೀರು ಹಾಕಿ ತೇವ ಇರುವಂತೆ ನೋಡಿಕೊಳ್ಳಿ. ಆಗಾಗ ಮಗುಚುತ್ತಿದ್ದರೆ ನಾಲ್ಕೈದು ತಿಂಗಳಿಗೆ ಎಲೆಗೊಬ್ಬರ ಸಿಗುತ್ತದೆ. ಫೆಬ್ರವರಿ-ಮಾರ್ಚಿನಲ್ಲಿ ಮರಗಳು ಎಲೆ ಉದುರಿಸುವಾಗ ತುಂಬಿಸಿದ್ದನ್ನು ಜುಲೈ-ಆಗಸ್ಟಿನಲ್ಲಿ ತೆಗೆದು ಜರಡಿ ಹಿಡಿಯಿರಿ. ಅರ್ಧದಷ್ಟನ್ನು ಪಾರ್ಕಿನ ಮರಗಳ ಬುಡಕ್ಕೆ ಹಾಕಿ, ಉಳಿದದ್ದನ್ನು ಎಲೆ ಗುಡಿಸಿದವರೂ ಸೇರಿ ಕೆಲಸ ಮಾಡಿದ ಎಲ್ಲರೂ ಹಂಚಿಕೊಳ್ಳಿ. ಮನೆಯ ಬಕೆಟ್ಟಿಗೆ ಬೇಕಾದ ಒಣ ಎಲೆಯನ್ನೂ ಇಲ್ಲಿಂದಲೇ ಒಂದು ಗೋಣಿಚೀಲ ತುಂಬಿಕೊಂಡು ಹೋಗಿ. ಮಳೆಗಾಲದಲ್ಲಿ ಒಣ ಎಲೆ ಸಿಗುವುದು ಕಷ್ಟ, ಮೇ ಕೊನೆಯೊಳಗೆ ಎರಡು ಚೀಲ ತುಂಬಿ ನೆನೆಯದ ಜಾಗದಲ್ಲಿ ಇಟ್ಟುಕೊಳ್ಳಿ.